ಕಂಬಳಿ ದುಂಬಿಯ ಕಳ್ಳ ಕುಪ್ಪಸ

ಟೊಮ್ಯಾಟೊ ಹೂವಿಗೆ ಬೇಕಾಗಿರುವುದು ಬಹಳವೇನಲ್ಲ. ಯಾರಾದರೂ ಹಿಡಿದು ಒಂದು ಸಲ ಸರಿಯಾಗಿ ನಡುಗಿಸಿದರೆ ಸಾಕು. ಅದರ ಪರಾಗ ಹೂವಿನ ನಡುವಿನ ಹಳದಿ ಕೊಳವೆಯೊಳಗೆ ಅಡಗಿ ಕೂತಿರುತ್ತದೆ. ನಡುಗಿಸಿದಾಗ ತುದಿಯ ಸಣ್ಣ ತೂತಿನಿಂದ ಉದುರುತ್ತದೆ, ಹೂವು ಕಾಯಿ ಕಟ್ಟುತ್ತದೆ. ಬಯಲಿನಲ್ಲಿ ಈ ಕೆಲಸವನ್ನು ಗಾಳಿ ಪುಕ್ಕಟೆಯಾಗಿ ಮಾಡಿಕೊಡುತ್ತಿತ್ತು. ಇದೂ ಒಂದು ಕೆಲಸ ಎಂಬುದು ನಮ್ಮ ಅಜ್ಜಂದಿರಿಗೆ ಗೊತ್ತೇ ಇರಲಿಲ್ಲ. ಆದರೆ ನೆಲದಿಂದ ಆರುನೂರು ಅಡಿ ಕೆಳಗೆ ಬೀಸುಗಾಳಿಯನ್ನು ಎಲ್ಲಿಂದ ತರುವುದು?

ಆರುನೂರು ಅಡಿ ಕೆಳಗೆ ಟೊಮ್ಯಾಟೊ ಬೆಳೆಯುವ ಹುಚ್ಚು ಯಾಕೆ ಎಂದು ಕೇಳುವವರು ಒಮ್ಮೆ ಮೇ ತಿಂಗಳಲ್ಲಿ ಹೊನ್ನಗುಂಡಿಗೆ ಬರಬೇಕು. ಮೇಲೆ ಐವತ್ತಕ್ಕೆ ಒಂದೇ ಡಿಗ್ರಿ ಕಡಿಮೆ. ಗಿಡದಲ್ಲಿ ಬಿಟ್ಟ ಹೂವು ಮಧ್ಯಾಹ್ನದೊಳಗೆ ಸುಟ್ಟು ಉದುರುತ್ತದೆ. ರಾಯಚೂರು ಸೀಮೆಯ ಈ ಚಿನ್ನದ ಗಣಿ ಮುಚ್ಚಿ ನಲವತ್ತು ವರ್ಷವಾಗಿತ್ತು. ಅದರ ಮೇಲಿನ ಸುರಂಗಗಳಲ್ಲಿ ಮಾತ್ರ ವರ್ಷವಿಡೀ ಇಪ್ಪತ್ತೇಳು ಡಿಗ್ರಿ. ಹಾಗಾಗಿ ಪಾತಾಳ ತೋಟ ಮಂಡಳಿ ಎಂಬುದೊಂದು ಹುಟ್ಟಿತು, ದೀಪ ಹಾಕಿತು, ಸಸಿ ಇಟ್ಟಿತು. ಗಿಡಗಳು ಪಾಪ, ಹೇಳಿದ ಮಾತು ಕೇಳಿ ಹೂ ಬಿಟ್ಟವು. ಕಾಯಿ ಮಾತ್ರ ಕಟ್ಟಲಿಲ್ಲ.

ಆಗ ಮಂಡಳಿಯವರು ನನ್ನನ್ನು ಕರೆಸಿದರು. ನನ್ನ ಹೆಸರು ಅಮರೇಗೌಡ, ಓದಿದ್ದು ಎಂಜಿನಿಯರಿಂಗ್. ನಾನು ಹೆಬ್ಬೆರಳ ಗಾತ್ರದ ಹಾರುವ ಯಂತ್ರ ಮಾಡಿದೆ. ಅದು ಹೂವನ್ನು ಹುಡುಕಿಕೊಂಡು ಹೋಗಿ, ಮೂತಿಯ ಕಡ್ಡಿ ತಾಗಿಸಿ, ಜುಮ್ಮೆಂದು ನಡುಗಿಸಿ ಬರುತ್ತದೆ. ಕಾಗದದಲ್ಲಿ ಅದಕ್ಕೆ ‘ಕಂಪಕ’ ಎಂದು ಚೆಂದದ ಹೆಸರಿಟ್ಟಿದ್ದೆ. ಕೆಲಸದ ಹೆಂಗಸರು ‘ಕಬ್ಬಿಣದ ನೊಣ’ ಎಂದು ಕರೆದರು, ಅದೇ ಉಳಿಯಿತು. ನೂರು ಹೂವಿನಲ್ಲಿ ಎಪ್ಪತ್ತು ಕಾಯಿ ಕಟ್ಟುತ್ತಿತ್ತು. ಕೆಲವು ಕಾಯಿ ಸೊಟ್ಟಗೆ, ಕೆಲವು ಬೀಜವಿಲ್ಲದ ಪೊಳ್ಳು. ಆದರೂ ನಾನು ಎದೆಯುಬ್ಬಿಸಿಕೊಂಡೇ ತಿರುಗುತ್ತಿದ್ದೆ.

ಆ ಎದೆಗೆ ಸೂಜಿ ಚುಚ್ಚಿದವಳು ನನ್ನ ಹೆಂಡತಿ.

ನೀಲಾಂಬಿಕಾ ಕೀಟ ವಿಜ್ಞಾನಿ. ಹನ್ನೊಂದು ವರ್ಷದಿಂದ ಒಂದೇ ಒಂದು ಜಾತಿಯ ದುಂಬಿಯ ಹಿಂದೆ ಬಿದ್ದಿದ್ದಳು. ಹಿಮಾಲಯದ ಎತ್ತರದ ಹುಲ್ಲುಗಾವಲಿನ ದುಂಬಿ ಅದು. ಮೈತುಂಬ ಕಪ್ಪು ಕೂದಲು, ಸೊಂಟಕ್ಕೆ ಅರಿಶಿನದ ಪಟ್ಟಿ. ಅಲ್ಲಿನ ಹುಲ್ಲುಗಾವಲುಗಳೂ ಕಾದು ಬೋಳಾದ ಮೇಲೆ ಅವಳ ಪ್ರಯೋಗಾಲಯದಲ್ಲಿ ಮಾತ್ರ ಉಳಿದಿತ್ತು. ಅಲ್ಲೂ ವರ್ಷದಿಂದ ವರ್ಷಕ್ಕೆ ಸೊರಗಿತು. ಈ ಜಾತಿಯಲ್ಲಿ ಒಂದು ಗೂಡಿನ ಆಯಸ್ಸು ಒಂದೇ ಹಂಗಾಮು. ಅದು ಮುಗಿಯುವುದರೊಳಗೆ ಹೊಸ ರಾಣಿಗಳು ಹುಟ್ಟಿದರೆ ವಂಶ ಮುಂದುವರಿಯುತ್ತದೆ, ಇಲ್ಲದಿದ್ದರೆ ಇಲ್ಲ. ಡಬ್ಬಿಯ ಊಟದಲ್ಲಿ ಇವು ರಾಣಿಗಳನ್ನು ಬೆಳೆಸುವುದು ಅಪರೂಪ. ನಿಜವಾದ ಹೂವಿನ ಪರಾಗ ಬೇಕು. ಹೋದ ವರ್ಷ ಒಂದೇ ಒಂದು ರಾಣಿ ಹುಟ್ಟಿತ್ತು. ಅದರಿಂದಲೇ ಒಂದು ಮರದ ಪೆಟ್ಟಿಗೆಯಲ್ಲಿ ಗೂಡು ಕಟ್ಟಿಸಿ ಅವಳು ಹೊನ್ನಗುಂಡಿಗೆ ತಂದಳು. ಭೂಮಿಯ ಮೇಲಿದ್ದ ಕೊನೆಯ ಗೂಡು.

ಹೆಂಗಸರು ಅದರ ಮೈಕೂದಲು ನೋಡಿ ‘ಕಂಬಳಿ ದುಂಬಿ’ ಎಂದರು.

ಮಂಡಳಿಗೆ ಇಬ್ಬರನ್ನೂ ಸಾಕುವ ಉಮೇದು ಇರಲಿಲ್ಲ. ಎಡಗಡೆ ಸುರಂಗ ಯಂತ್ರಕ್ಕೆ, ಬಲಗಡೆ ಸುರಂಗ ದುಂಬಿಗೆ, ನಲವತ್ತು ದಿನ ಗಡುವು ಎಂದು ಬರೆದು ಕಳಿಸಿತು. ಮೂವತ್ತನೆಯ ದಿನ ಅರಳಿದ ನೂರು ಹೂವಿಗೆ ಎರಡೂ ಕಡೆ ಕೆಂಪು ದಾರ ಕಟ್ಟಬೇಕು, ನಲವತ್ತನೆಯ ದಿನ ಕಾಯಿ ಎಣಿಸಬೇಕು. ಸೋತವರ ಕೆಲಸ ಬಂದ್. ದುಂಬಿ ಸೋತರೆ ಗೂಡನ್ನು ಸಂಗ್ರಹಾಲಯದ ಫ್ರೀಜರಿಗೆ ಕಳಿಸುವುದು.

“ಫ್ರೀಜರ್ ಅಂದ್ರ ಸಾಯಿಸೋದು ಅಂತ ನೆಟ್ಟಗ ಬರೀಬಾರದಾ?” ಎಂದಳು ನೀಲಾ, ಆ ಕಾಗದ ಓದಿ.

“ನಾ ಏನ್ ಬರದೀನಿ ಏನು?” ಎಂದೆ.

“ನೀವು ಬರೀಲಿಲ್ಲ. ಓದಿ ಒಳಗೊಳಗ ನಕ್ಕೀರಿ.”

ನಕ್ಕಿದ್ದು ನಿಜ. ಅದು ಅವಳಿಗೆ ಹೇಗೆ ಗೊತ್ತಾಯಿತೋ ಗೊತ್ತಿಲ್ಲ.

ಮೊದಲ ವಾರ ದುಂಬಿಗಳು ಪೆಟ್ಟಿಗೆಯಿಂದ ಹೊರಬಂದವು, ಗೋಡೆಗೆ ಡಿಕ್ಕಿ ಹೊಡೆದವು, ನೆಲಕ್ಕೆ ಬಿದ್ದವು. ನನ್ನ ಕಂಟ್ರೋಲ್ ರೂಮಿನ ಪರದೆಯಲ್ಲಿ ಎರಡೂ ಸುರಂಗಗಳು ಕಾಣುತ್ತಿದ್ದವು. ಎಡಗಡೆ ನನ್ನ ನಾನೂರು ನೊಣಗಳು ಸಾಲಾಗಿ ಕವಾಯತು ಮಾಡುತ್ತಿದ್ದರೆ ಬಲಗಡೆ ನೀಲಾ ಮಂಡಿಯೂರಿ ಬಿದ್ದ ದುಂಬಿಗಳನ್ನು ಒಂದೊಂದಾಗಿ ಅಂಗೈಗೆ ಹತ್ತಿಸಿಕೊಳ್ಳುತ್ತಿದ್ದಳು. ಹಂಗಾಮಿನ ಲೆಕ್ಕದಲ್ಲಿ ಒಂದು ವಾರವೆಂದರೆ ಬಹಳ.

ಎಂಟನೇ ದಿನ ಬೆಳಿಗ್ಗೆ ನೀಲಾ ರೊಟ್ಟಿ ಬಡಿಯುತ್ತಲೇ ಕೇಳಿದಳು, “ರೀ, ಸುರಂಗದ ದೀಪದಾಗ ಯಾವ್ಯಾವ ಬೆಳಕು ಅದಾವ?”

“ಕೆಂಪು, ನೀಲಿ. ಗಿಡಕ್ಕ ಅಷ್ಟ ಸಾಕು.”

ಬಡಿಯುವ ಕೈ ನಿಂತಿತು. “ನನ್ನ ಹುಡುಗ್ಯಾರಿಗೆ ಸಾಲೂದಿಲ್ಲ. ಅವಕ್ಕ ನಮ್ಮ ಕಣ್ಣಿಗೆ ಕಾಣದ ನೇರಳಾತೀತ ಬೆಳಕು ಬೇಕು. ಅದಿಲ್ಲಂದ್ರ ಕತ್ತಲಾಗ ಬಿಟ್ಟಂಗ. ದಾರಿ ಹ್ಯಾಂಗ ಸಿಗಬೇಕು?”

ಎರಡೂ ಸುರಂಗದ ದೀಪ ಬದಲಿಸುವ ಅಧಿಕಾರ ನನ್ನದೇ. ಎದುರಾಳಿಗೆ ನಾನೇಕೆ ದೀಪ ಹಿಡಿಯಲಿ ಎಂದು ಎರಡು ರೊಟ್ಟಿ ತಿನ್ನುವವರೆಗೆ ಬಿಗಿಯಾಗಿ ಕೂತೆ. ಮೂರನೆಯ ರೊಟ್ಟಿ ತಟ್ಟೆಗೆ ಬರಲಿಲ್ಲ. ಒಪ್ಪಿಕೊಂಡೆ.

ಹೊಸ ದೀಪ ಹಾಕಿದ ಮೂರನೇ ದಿನ ನೀಲಾ ನನ್ನ ಕೈಹಿಡಿದು ಬಲಗಡೆ ಸುರಂಗಕ್ಕೆ ಎಳೆದುಕೊಂಡು ಹೋದಳು. ಒಂದು ದುಂಬಿ ಹೂವಿಗೆ ಕೆಳಗಿನಿಂದ ಜೋತುಬಿದ್ದಿತ್ತು. ದವಡೆಯಿಂದ ಹಳದಿ ಕೊಳವೆಯನ್ನು ಕಚ್ಚಿ ಹಿಡಿದು, ರೆಕ್ಕೆ ಮಡಚಿಕೊಂಡು, ಮೈಯನ್ನಷ್ಟೇ ನಡುಗಿಸಿತು. ಟ್ರ್ಯಾಕ್ಟರನ್ನು ನ್ಯೂಟ್ರಲ್‌ಗೆ ಹಾಕಿ ಎಂಜಿನ್ ರೇಸ್ ಮಾಡಿದ ಹಾಗೆ. ರೆಕ್ಕೆ ಆಡುವುದಿಲ್ಲ, ಅದನ್ನು ಆಡಿಸುವ ಸ್ನಾಯು ಮಾತ್ರ ಸೆಕೆಂಡಿಗೆ ಮುನ್ನೂರಕ್ಕೂ ಹೆಚ್ಚು ಸಲ ಅದುರುತ್ತದೆ. ಪರಾಗ ಅದರ ಹೊಟ್ಟೆಯ ಮೇಲೆ ಸುರಿಯಿತು. ದುಂಬಿ ಅದನ್ನು ಬಾಚಿ ಕಾಲಿಗೆ ಮೆತ್ತಿಕೊಂಡು ಮುಂದಿನ ಹೂವಿಗೆ ಹೋಯಿತು. ಬಿಟ್ಟುಹೋದ ಹೂವಿನ ಕೊಳವೆಯ ಮೇಲೆ ಕಚ್ಚಿದ ಗುರುತು, ಕಂದು ಕಲೆ, ಉಳಿದಿತ್ತು.

“ಈ ಕಲೆ ಇದ್ದ ಹೂವು ಕಾಯಿ ಕಟ್ಟೇ ಕಟ್ಟತೈತಿ,” ಎಂದಳು. “ನಿಮ್ಮ ನೊಣಕ್ಕ ಹಿಂಗ ಸಹಿ ಮಾಡಾಕ ಬರತೈತಾ?”

ಆ ದಿನದಿಂದ ಕಂದು ಕಲೆಗಳು ಏರುತ್ತ ಹೋದವು. ಇಪ್ಪತ್ತನೇ ದಿನಕ್ಕೆ ನೂರರಲ್ಲಿ ಎಂಬತ್ತು. ನನ್ನ ಹೊಟ್ಟೆ ಉರಿಯಿತು ಎಂದು ಒಪ್ಪಿಕೊಳ್ಳಲು ನನಗೀಗ ನಾಚಿಕೆಯಿಲ್ಲ.

ಇಪ್ಪತ್ತೆರಡನೇ ದಿನ ಐವತ್ತಕ್ಕೆ ಇಳಿಯಿತು. ಇಪ್ಪತ್ನಾಲ್ಕಕ್ಕೆ ಹದಿನೆಂಟು. ವಿಚಿತ್ರವೆಂದರೆ ದುಂಬಿಗಳು ಆರೋಗ್ಯವಾಗಿದ್ದವು. ಪೆಟ್ಟಿಗೆಯ ಬಾಗಿಲ ಕ್ಯಾಮೆರಾದಲ್ಲಿ ಅವು ಕಾಲಿಗೆ ದಪ್ಪ ದಪ್ಪ ತಿಳಿಹಳದಿ ಉಂಡೆ ಮೆತ್ತಿಕೊಂಡು ಒಳಗೆ ಹೋಗುತ್ತಿದ್ದವು. ಪರಾಗ ಒಳಗೆ ಬರುತ್ತಿದೆ, ಹೂವನ್ನು ಮಾತ್ರ ಯಾರೂ ಮುಟ್ಟಿಲ್ಲ! ನೀಲಾ ದೀಪ ನೋಡಿದಳು, ನೀರು ನೋಡಿದಳು, ಗಿಡದ ಎಲೆ ಕಿತ್ತು ಪರೀಕ್ಷಿಸಿದಳು. ಗೂಡು ಬಿಚ್ಚಿದರೆ ಮರಿಗಳು ಸತ್ತಾವೆಂದು ಪೆಟ್ಟಿಗೆ ಮಾತ್ರ ಮುಟ್ಟಲಿಲ್ಲ.

ಕಾರಣ ಕಂಡದ್ದು ನನಗೆ, ಇಪ್ಪತ್ತೈದನೇ ದಿನ. ವಿದ್ಯುತ್ ತಂತಿಗಳ ಮೇಲೆ ಕಣ್ಣಿಡಲು ಬಲಗಡೆ ಸುರಂಗದ ಹಿಂಭಾಗದಲ್ಲೊಂದು ಕ್ಯಾಮೆರಾ ಇತ್ತು, ನನ್ನೊಬ್ಬನ ಪರದೆಗೆ ಮಾತ್ರ. ನೀಲಾ ಊಟಕ್ಕೆ ಮೇಲೆ ಹೋದ ಹೊತ್ತಿನಲ್ಲಿ ಅದರಲ್ಲಿ ಹುಸೇನಮ್ಮ ಕಂಡಳು. ಗಣಿ ಕಾರ್ಮಿಕರ ಮನೆತನದ ಮುದುಕಿ, ಗಿಡ ಕಟ್ಟುವ ಹೆಂಗಸರಿಗೆಲ್ಲ ಹಿರಿಯಳು. ಅತ್ತಿತ್ತ ನೋಡಿ ಸೆರಗಿನೊಳಗಿಂದ ಒಂದು ತಟ್ಟೆ ತೆಗೆದು ಪೆಟ್ಟಿಗೆಯ ಹಿಂದೆ ಇಟ್ಟಳು. ಪೆಟ್ಟಿಗೆಯ ಹಿಂಬದಿಗೆ, ಯಾರಿಗೂ ಕಾಣದ ಹಾಗೆ, ಕುಪ್ಪಸದ ಹಸಿರು ಖಣವೊಂದನ್ನು ಆಗಲೇ ಹೊದಿಸಿದ್ದರು. ತಟ್ಟೆ ಇಟ್ಟದ್ದೇ ತಡ, ದುಂಬಿಗಳು ಅದರಲ್ಲಿ ಬಿದ್ದು ಹೊರಳಾಡಿದವು, ಕಾಲಿಗೆ ಮೆತ್ತಿಕೊಂಡು ನೆಟ್ಟಗೆ ಗೂಡಿಗೆ ನಡೆದವು.

ಪುಟಾಣಿ ಹಿಟ್ಟು. ಹುರಿಗಡಲೆಯನ್ನು ನುಣ್ಣಗೆ ಬೀಸಿ, ಬೆಲ್ಲದ ಪುಡಿ ಬೆರೆಸಿದ್ದು.

ನಗು ತಡೆಯಲಾಗಲಿಲ್ಲ. ಎರಡು ವಾರದ ಹಿಂದೆ ನೀಲಾ ಹೆಂಗಸರನ್ನು ಕೂರಿಸಿಕೊಂಡು, ಒಳಗೆ ರಾಣಿ ಮೊಟ್ಟೆ ಇಡುತ್ತಿದೆ, ಗದ್ದಲ ಮಾಡಬೇಡಿ ಎಂದು ಹೇಳಿದ್ದಳು. ಬಸುರಿ ಇರುವ ಮನೆ ಎಂದಮೇಲೆ ನಮ್ಮ ಕಡೆ ಹೆಂಗಸರು ಸುಮ್ಮನಿರುತ್ತಾರೆಯೇ? ಐದನೇ ತಿಂಗಳಲ್ಲಿ ಕಳ್ಳ ಕುಪ್ಪಸ ಮಾಡುತ್ತಾರೆ. ಊರಿಗೆ ಸುದ್ದಿ ಕೊಡದೆ ಬಸುರಿಗೆ ಖಣ ಉಡಿಸಿ, ಬಯಕೆಯ ತಿನಿಸು ತಿನ್ನಿಸುವುದು. ಯಾರಿಗೂ ಹೇಳದೆ ಮಾಡಿದರೇ ಅದಕ್ಕೆ ಶೋಭೆ. ಹಾಗಾಗಿ ನೀಲಾಳಿಗೂ ಹೇಳಿರಲಿಲ್ಲ. ಕೂತಲ್ಲೇ ಊಟ ಬರುವಾಗ ದುಂಬಿಗಳಾದರೂ ಹೂವಿಗೆ ಯಾಕೆ ಜೋತುಬಿದ್ದಾವು? ಟೊಮ್ಯಾಟೊ ಹೂವಿನಲ್ಲಿ ಜೇನಿನ ಹನಿಯೂ ಇಲ್ಲ; ಅವು ಬರುತ್ತಿದ್ದುದೇ ಪರಾಗಕ್ಕೆ.

ನಕ್ಕು ಮುಗಿಸಿದ ಮೇಲೆ ನನಗೊಂದು ಯೋಚನೆ ಬಂತು. ನಾನು ಹೇಳದಿದ್ದರೆ?

ಯಾವ ಮೋಸವನ್ನೂ ನಾನು ಮಾಡಿರಲಿಲ್ಲ. ಸುಮ್ಮನಿದ್ದರೆ ಸಾಕಿತ್ತು. ಐದು ದಿನ ಕಳೆದರೆ ಕೆಂಪು ದಾರ ಕಟ್ಟುವ ದಿನ. ಆಮೇಲೆ ಗೆಲುವು ನನ್ನದು. ಬೇರೆ ಗಣಿಗಳಿಗೆಲ್ಲ ನನ್ನ ನೊಣಗಳೇ ಹೋಗುತ್ತವೆ. ಪರದೆ ಆರಿಸಿದೆ. ಅವತ್ತು ಮನೆಯಲ್ಲಿ ಬಾಯಿ ಬಿಡಲಿಲ್ಲ. ಮರುದಿನವೂ ಬಿಡಲಿಲ್ಲ. ಅದರ ಮರುದಿನವೂ. ಮೂರು ದಿನ ಬಾಯಿಗೆ ಬೀಗ ಹಾಕಿಕೊಂಡು ತಿರುಗಿದ ಆ ಮನುಷ್ಯನನ್ನು ನೆನೆದರೆ ನನಗೆ ಈಗಲೂ ಅಸಹ್ಯವಾಗುತ್ತದೆ.

ಇಪ್ಪತ್ತೆಂಟನೇ ದಿನ ಬೆಳಿಗ್ಗೆ ನೀಲಾ ರೊಟ್ಟಿ ಮಾಡಲಿಲ್ಲ. ಒಲೆಯ ಮುಂದೆ ಒಂದು ರಟ್ಟಿನ ಡಬ್ಬಿ ಇಟ್ಟುಕೊಂಡು ಕೂತಿದ್ದಳು. ಒಳಗೆ ಹತ್ತಿ ಹಾಸಿ, ಮುಚ್ಚಳದ ಮೇಲೆ ಊರು, ತಾರೀಖು, ಜಾತಿಯ ಹೆಸರು ಬರೆಯುತ್ತಿದ್ದಳು.

“ಏನದು?”

“ರಾಣಿಗೆ. ಫ್ರೀಜರಿಗೆ ಕಳಿಸ್ಬೇಕಲ್ರಿ. ಮಂದಿ ಬಂದು ಚಿಮಟದಾಗ ಹಿಡಿಯೋದು ಬ್ಯಾಡ. ನಾನ ನನ್ನ ಕೈಯಾರೆ ಮಲಗಸ್ತೀನಿ.” ತಾರೀಖು ತಪ್ಪು ಬರೆದು, ಹೊಡೆದುಹಾಕಿ, ಮತ್ತೆ ಬರೆದಳು.

ನಿಂತಲ್ಲೇ ಎಲ್ಲ ಹೇಳಿದೆ. ಖಣ, ತಟ್ಟೆ, ಹಿಟ್ಟು. ಮೂರು ದಿನದ ಹಿಂದೆಯೇ ನೋಡಿದ್ದೆ ಎಂಬುದನ್ನೂ ಹೇಳಿದೆ.

ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಡಬ್ಬಿಯನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಎದ್ದು ಚಪ್ಪಲಿ ಮೆಟ್ಟಿದಳು.

“ಬೈಯೋದು ಐತಿ,” ಎಂದಳು, “ನಲವತ್ತನೇ ದಿನ ಆದಮ್ಯಾಲೆ. ಈಗ ಪುರಸೊತ್ತಿಲ್ಲ. ಬರ್ರಿ.”

ತಮ್ಮ ತಟ್ಟೆಯಿಂದಲೇ ತೊಂದರೆಯಾಯಿತು ಎಂಬುದನ್ನು ಕೆಳಗೆ ಹುಸೇನಮ್ಮ ಮೊದಲು ಒಪ್ಪಲಿಲ್ಲ. ಆಮೇಲೆ ನೀಲಾ ಅವಳನ್ನು ಗಿಡದ ಮುಂದೆ ನಿಲ್ಲಿಸಿ, ಕಲೆಯಿಲ್ಲದ ಹೂವು ಒಂದೊಂದನ್ನೂ ತೋರಿಸಿದಳು. ಮುದುಕಿ ಹಣೆ ಹಣೆ ಬಡಿದುಕೊಂಡಳು.

“ಯವ್ವಾ, ಬಸುರಿ ಐತಿ, ದೂರದ ಸೀಮಿಯಿಂದ ಬಂದೈತಿ, ತವರವರು ಯಾರೂ ಇಲ್ಲ ಅಂತ ಮಾಡಿದಿವಿ. ನಮ್ಮ ಕೈಯಾರ ನಾವ ಕೊಲ್ಲಾಕ ಹತ್ತಿದ್ವಾ?”

“ನೀವು ಪ್ರೀತಿಯಿಂದ ಮಾಡೀರಿ, ಅಮ್ಮಾ. ಇನ್ನ ಮ್ಯಾಲ ತಟ್ಟಿ ಬ್ಯಾಡ. ಒಂದಿನ ಅವು ಉಪಾಸ ಇರಲಿ. ಹಸಿವಾದ್ರ ಹೂವಿಗೆ ಹೋಗ್ತಾವ.”

“ಹೋಗದಿದ್ರ?”

ಪೆಟ್ಟಿಗೆಯೊಳಗೆ ಸಕ್ಕರೆ ನೀರು ಬಿಟ್ಟರೆ ಮತ್ತೇನೂ ಇರಲಿಲ್ಲ, ಮರಿಗಳಿಗೆ ಸಕ್ಕರೆ ನೀರು ಸಾಲುವುದಿಲ್ಲ.

ಆ ದಿನವಿಡೀ ದುಂಬಿಗಳು ತಟ್ಟೆ ಇಡುತ್ತಿದ್ದ ಜಾಗಕ್ಕೇ ಬಂದು ಬಂದು ಸುತ್ತಿದವು. ನೋಡಲಾರದೆ ಇಬ್ಬರು ಹೆಂಗಸರು ಎದ್ದು ಹೋದರು. ಹುಸೇನಮ್ಮ ಮಾತ್ರ ಪೆಟ್ಟಿಗೆಯ ಪಕ್ಕ ನೆಲಕ್ಕೆ ಕೂತು, ಹತ್ತಿರ ಬಂದವರನ್ನೆಲ್ಲ “ಕೈ ತೋರ್ಸು, ಸೆರಗು ಝಾಡಿಸು” ಎಂದು ತಪಾಸಣೆ ಮಾಡಿದಳು. ತಾನೂ ಊಟ ಮಾಡಲಿಲ್ಲ. ನಾನು ಬುತ್ತಿ ಒಯ್ದು ಕೊಟ್ಟರೆ, “ಅವು ಉಂಡ ಮ್ಯಾಲ ತಿಂತೀನಿ, ಎಪ್ಪಾ,” ಎಂದಳು.

ಮರುದಿನ ಬೆಳಗಿನ ಪಾಳಿಯಲ್ಲಿ, ದೀಪ ಹತ್ತಿ ಅರ್ಧ ಗಂಟೆಯಾಗಿರಬಹುದು, ಮೂರನೇ ಸಾಲಿನಿಂದ ಆ ಸದ್ದು ಬಂತು. ಹಾರುವಾಗಿನ ಗುಂಯ್ ಅಲ್ಲ. ಅದಕ್ಕಿಂತ ತೀಕ್ಷ್ಣ, ತುಂಡು ತುಂಡಾಗಿ ಬರುವ ಝೀಂಕಾರ. ನೀಲಾ ಓಡಿದಳು. ಐದನೇ ಸಾಲಿನಿಂದ ಮತ್ತೊಂದು. ಎಂಟನೆಯದರಿಂದ ಎರಡು. ಸಂಜೆಯೊಳಗೆ ಸುರಂಗದ ತುಂಬ ಅದೇ ಸದ್ದು. ಹುಸೇನಮ್ಮ ಬುತ್ತಿ ಬಿಚ್ಚಿದಳು. ಅದರ ಮಾರನೇ ದಿನ ಕೆಂಪು ದಾರ ಕಟ್ಟಿದೆವು.

ನಲವತ್ತನೆಯ ದಿನ ಮಂಡಳಿಯಿಂದ ತಪಾಸಣಾಧಿಕಾರಿ ಪದ್ಮಾಕರ ಶೇಟ್ ಬಂದರು. ಕಡತದಲ್ಲಿ ಇಲ್ಲದ್ದು ಲೋಕದಲ್ಲೇ ಇಲ್ಲ ಎಂದು ನಂಬಿದ ಮನುಷ್ಯ. ನಿಯಮ ಓದಿದರು: ಒಬ್ಬರ ಸುರಂಗವನ್ನು ಇನ್ನೊಬ್ಬರು ಎಣಿಸಬೇಕು. ನೀಲಾ ನನ್ನದನ್ನು ಎಣಿಸಿದಳು. ಕಾಯಿ ಕಚ್ಚಿದ್ದು ಎಪ್ಪತ್ತೊಂದು. ಸೊಟ್ಟ ಕಾಯಿಯನ್ನೂ ಬಿಡದೆ ಸೇರಿಸಿಯೇ ಹೇಳಿದಳು.

ಈಗ ನನ್ನ ಸರದಿ. ಹೆಂಗಸರೆಲ್ಲ ಗೋಡೆಗೆ ಆತು ನಿಂತಿದ್ದರು. ದೂರದ ಕೊನೆಯಿಂದ ಶುರು ಮಾಡಿದೆ. ಮೊದಲ ದಾರದ ಬುಡದಲ್ಲಿ ಬಟಾಣಿ ಗಾತ್ರದ ಹಸಿರು ಕಾಯಿ. ಎರಡನೆಯದು ಒಣಗಿ ಉದುರಿತ್ತು. ಮೂರನೆಯದೂ ಇಲ್ಲ. ಮೊದಲ ಹತ್ತರಲ್ಲಿ ಏಳು. ನೀಲಾ ಕಣ್ಣು ಮುಚ್ಚಿಕೊಂಡಿದ್ದಳು. ಇಷ್ಟು ದೂರಕ್ಕೆ ದುಂಬಿಗಳು ಸರಿಯಾಗಿ ಬಂದಿರಲಿಲ್ಲವೇನೋ. ಯಾರ ಗೆಲುವಿಗಾಗಿ ಎಣಿಸುತ್ತಿದ್ದೇನೆ ಎಂಬ ಬಗ್ಗೆ ಆಗ ನನಗೆ ಯಾವ ಅನುಮಾನವೂ ಉಳಿದಿರಲಿಲ್ಲ.

ಹನ್ನೊಂದನೆಯ ದಾರ, ಕಾಯಿ. ಹನ್ನೆರಡು, ಕಾಯಿ. ಇಡೀ ಎರಡನೇ ಸಾಲಿನಲ್ಲಿ ಒಂದೂ ಪೊಳ್ಳಿಲ್ಲ. ದುಂಡಗಿನ, ಮೈಕೈ ತುಂಬಿಕೊಂಡ ಕಾಯಿಗಳು. ನನ್ನ ದನಿ ತಾನಾಗಿಯೇ ಏರಿತು. ಐವತ್ತು ದಾಟಿತು. ಅರವತ್ತು ದಾಟಿತು. ಹೆಂಗಸರು ನನ್ನೊಂದಿಗೆ ಎಣಿಸತೊಡಗಿದರು. ಶೇಟ್ ಅವರು “ಸ್ವಲ್ಪ ನಿಶ್ಶಬ್ದ” ಎಂದರು, ಯಾರೂ ಕೇಳಲಿಲ್ಲ.

“ಎಪ್ಪತ್ತೊಂದು!” ಎಂದೆ. ಮುಂದಿನ ಎಲೆ ಸರಿಸಿದೆ. “ಎಪ್ಪತ್ತೆರಡು!”

ಸುರಂಗ ಒಡೆದುಹೋಗುವಂಥ ಗದ್ದಲ. ನಾನು ನಿಲ್ಲಿಸಲಿಲ್ಲ, ನಿಯಮ ನಿಯಮವೇ. ತೊಂಬತ್ತಮೂರಕ್ಕೆ ಮುಗಿಯಿತು. ಹುಸೇನಮ್ಮ ನನ್ನ ಕೆನ್ನೆ ಸವರಿ ನೆಟಿಕೆ ಮುರಿದಳು. ಸೋತವನಿಗೆ ಇಷ್ಟು ಖುಷಿಯಾಗುತ್ತದೆಂದು ಯಾವ ಎಂಜಿನಿಯರಿಂಗ್ ಪುಸ್ತಕದಲ್ಲೂ ಬರೆದಿಲ್ಲ.

ಶೇಟ್ ಅವರು ಕಡತಕ್ಕೆ ಅಂಕಿ ಬರೆದುಕೊಂಡು, “ಇನ್ನು ಗೂಡಿನ ಜನಸಂಖ್ಯೆ ದಾಖಲಿಸಬೇಕು,” ಎಂದರು. ನೀಲಾ ಪೆಟ್ಟಿಗೆಯ ಮುಂದೆ ಮಂಡಿಯೂರಿ ನಲವತ್ತು ದಿನದಲ್ಲಿ ಮೊದಲ ಸಲ ಮುಚ್ಚಳ ತೆಗೆದಳು. ಒಳಗೆ ಮೇಣದ ಗಡಿಗೆಗಳ ಮೇಲೆ ದುಂಬಿಗಳು ಓಡಾಡುತ್ತಿದ್ದವು.

“ಇದೇನು, ಮೇಡಂ, ಈ ಒಂದು ಮಾತ್ರ ಇಷ್ಟು ದೊಡ್ಡದು?” ಎಂದು ಶೇಟ್ ಬಗ್ಗಿ ನೋಡಿದರು. “ಇದೇ ಏನು ನಿಮ್ಮ ರಾಣಿ?”

ನೀಲಾಳ ಬೆರಳು ಪೆಟ್ಟಿಗೆಯ ಇನ್ನೊಂದು ಮೂಲೆಯನ್ನು ತೋರಿಸುತ್ತಿತ್ತು. ಹಳೆಯ ರಾಣಿ, ಕೂದಲು ಸವೆದು ಬೋಳು ಬೆನ್ನಾದದ್ದು, ಅಲ್ಲಿತ್ತು. ಶೇಟ್ ನೋಡಿದ್ದು ಬೇರೆ. ಮೈಕೂದಲು ಇನ್ನೂ ಒದ್ದೆಯಾಗಿದ್ದ, ಈಗಷ್ಟೇ ಹುಟ್ಟಿದ ರಾಣಿ. ಅದರ ಹಿಂದೆ ಇನ್ನೊಂದು ಗಡಿಗೆಯ ಬಾಯಿ ಕಡಿಯುತ್ತ ಮತ್ತೊಂದು ತಲೆ ಹೊರಬಂತು. ಅದರಾಚೆ ಅಂಥವೇ ದೊಡ್ಡ ಗಡಿಗೆಗಳು, ಇನ್ನೂ ಬಿರಿಯದವು. ಹುಟ್ಟಿದ್ದನ್ನೂ ಹುಟ್ಟಲಿದ್ದುದನ್ನೂ ಸೇರಿಸಿ ನಾನೇ ಎಣಿಸಿದೆ, ಎರಡು ಸಲ ಎಣಿಸಿದೆ. ಇಪ್ಪತ್ತಾರು.

ಇಪ್ಪತ್ತಾರು ರಾಣಿಗಳು ಎಂದರೆ ಮುಂದಿನ ಹಂಗಾಮಿಗೆ ಇಪ್ಪತ್ತಾರು ಗೂಡುಗಳು. ಕೊನೆಯ ಗೂಡು ಎಂಬ ಮಾತು ಅಲ್ಲಿಗೆ ಸುಳ್ಳಾಯಿತು.

ನೀಲಾ ಅಲ್ಲೇ ನೆಲದ ಮೇಲೆ ಕಾಲು ಚಾಚಿ ಕೂತುಬಿಟ್ಟಳು. ಅಳುತ್ತಾಳೋ ನಗುತ್ತಾಳೋ ತಿಳಿಯದೆ ನಾನು ಪಕ್ಕದಲ್ಲಿ ಕೂತೆ. ಎರಡೂ ಮಾಡುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಮೂಗು ಒರೆಸಿಕೊಂಡು, “ಇಷ್ಟು ಮಂದಿಗೆ ಈ ಒಂದು ಸುರಂಗದ ಹೂವು ಎಲ್ಲಿ ಸಾಲ್ತಾವ್ರಿ?” ಎಂದಳು.

ನಾನು ಎದ್ದು ಕಂಟ್ರೋಲ್ ರೂಮಿಗೆ ಹೋದೆ. ಎಡಗಡೆ ಸುರಂಗದ ನಾನೂರು ನೊಣಗಳನ್ನು ಕೆಳಗಿಳಿಸಿದೆ, ದೀಪಗಳನ್ನು ದುಂಬಿಗೆ ಬೇಕಾದ ಬೆಳಕಿಗೆ ತಿರುಗಿಸಿದೆ. ಆಮೇಲೆ ವಾಪಸು ಬಂದು, ಎರಡು ಸುರಂಗಗಳ ನಡುವಿನ ಕಬ್ಬಿಣದ ಬಾಗಿಲಿಗೆ ಹೆಗಲು ಕೊಟ್ಟು ನೂಕಿದೆ. ತುಕ್ಕು ಹಿಡಿದಿತ್ತು, ಒಬ್ಬನಿಂದ ಆಗಲಿಲ್ಲ. ನೀಲಾ ಬಂದು ಕೈ ಹಚ್ಚಿದಳು. ಬಾಗಿಲು ತೆರೆಯಿತು. ಮೊದಲ ದುಂಬಿ ನಮ್ಮಿಬ್ಬರ ತಲೆಯ ಮೇಲಿಂದ ಹಾರಿ ನನ್ನ ಸುರಂಗದ ಮೊದಲ ಹೂವಿಗೆ ಜೋತುಬಿದ್ದು ನಡುಗಿಸತೊಡಗಿತು.